ಬ್ರೇಕ್ ಒತ್ತಿದಾಗ ಕಾರು ನಡುಗಿದರೆ

ರೈತರ ಪತ್ರಿಕೆಯಲ್ಲಿ ಕಾರಿನ ಬ್ರೇಕಿನ ವಿಚಾರ ಯಾಕಪ್ಪಾ ಅಂತ ಕೆಲವರು ಕೇಳಬಹುದು. ನಮ್ಮೂರಲ್ಲಿ ಈಗ ಎತ್ತಿನ ಗಾಡಿ ಎರಡೇ ಉಳಿದಿವೆ. ಸೆಕೆಂಡ್ ಹ್ಯಾಂಡ್ ಕಾರು, ವ್ಯಾನು ಸೇರಿ ಹನ್ನೊಂದು ಇವೆ. ಶೇಂಗಾ ಬೀಜ ತರುವುದಕ್ಕೂ ಅದೇ, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಅದೇ. ಎತ್ತಿಗೆ ಕಾಲುಬಾಯಿ ಜ್ವರ ಬಂದರೆ ನಮಗೆ ಗುರುತು ಸಿಗುತ್ತೆ, ಕಾರಿಗೆ ಬಂದರೆ ಸಿಗಲ್ಲ. ಗುರುತು ಸಿಗದ ಕಾರಣಕ್ಕೆ ನಾನು ಕಳಕೊಂಡದ್ದು ಏಳು ಸಾವಿರ ರೂಪಾಯಿಗೂ ಮೇಲೆ, ಅದೂ 2023ರ ಬರಗಾಲದ ವರ್ಷ. ಹಣ ಹೋದರೆ ಹೋಗಲಿ, ಅದಕ್ಕಿಂತ ದೊಡ್ಡದೊಂದು ಹೋಗುವುದರಲ್ಲಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನನ್ನದು ಚಳ್ಳಕೆರೆ ಸೀಮೆಯ ಬೆದ್ದಲು ಬೇಸಾಯ. ಓದಿದ್ದು ಏಳನೇ ಕ್ಲಾಸು. 2021ರಲ್ಲಿ ಒಂದು ಹಳೇ ಕಾರು ಕೊಂಡೆ. ಯಾವ ಕಂಪನಿಯದು ಅಂತ ಬರೆಯುವುದಿಲ್ಲ, ಈ ತೊಂದರೆ ಎಲ್ಲ ಕಂಪನಿ ಗಾಡಿಗೂ ಬರುವಂಥದ್ದು. 2023ರ ಜನವರಿಯಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋದೆವು. ಬಯಲುಸೀಮೆಯಲ್ಲಿ ಗಾಡಿ ಓಡಿಸಿದವನಿಗೆ ಘಾಟಿ ಇಳಿಯುವುದು ಗೊತ್ತಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಪೂರಾ ಬ್ರೇಕಿನ ಮೇಲೇ ಇಳಿಸಿದೆ. ಕೆಳಗೆ ಬರುವ ಹೊತ್ತಿಗೆ ಸುಟ್ಟ ವಾಸನೆ. ಗಾಬರಿಯಿಂದ ರಸ್ತೆ ಬದಿಗೆ ನಿಲ್ಲಿಸಿ, ಬ್ರೇಕ್ ಮೇಲೆ ಕಾಲು ಒತ್ತಿ ಹಿಡಿದೇ ಕೂತಿದ್ದೆ. ವಾಪಸ್ ಬರುವಾಗ ಚಿಕ್ಕಮಗಳೂರು ದಾಟಿದ ಮೇಲೆ ಶುರುವಾಯ್ತು ನೋಡಿ. ಅರವತ್ತು ಎಪ್ಪತ್ತರ ಸ್ಪೀಡಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗು ಮಲೇರಿಯಾ ಬಂದವರ ಹಾಗೆ ನಡುಗುತ್ತೆ. ಬ್ರೇಕ್ ಬಿಟ್ಟರೆ ಏನೂ ಇಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ತಲೆಕೆಳಗು. ಯಾರೋ ಹೇಳಿದರು ಅಂತ ಮೊದಲು ಅಲೈನ್‌ಮೆಂಟ್ ಮಾಡಿಸಿದೆ. ನಡುಕ ಹಾಗೇ ಇತ್ತು. ಗ್ಯಾರೇಜಿಗೆ ಹೋದರೆ ‘ಡಿಸ್ಕ್ ಬೆಂಡಾಗೈತೆ ಯಜಮಾನ್ರೇ, ಚೇಂಜ್ ಮಾಡ್ಬೇಕು’ ಅಂದರು. ಎರಡು ಡಿಸ್ಕ್, ನಾಲ್ಕು ಪ್ಯಾಡು, ಕೂಲಿ ಎಲ್ಲ ಸೇರಿ ಐದು ಸಾವಿರದ ಚಿಲ್ಲರೆ. ಗಾಡಿ ಬೆಣ್ಣೆಯ ಹಾಗೆ ನಿಂತಿತು. ನಾಲ್ಕು ತಿಂಗಳು, ಸುಮಾರು ಐದು ಸಾವಿರ ಕಿಲೋಮೀಟರ್ ಓಡಿರಬಹುದು, ಮತ್ತೆ ಅದೇ ನಡುಕ. ಈ ಸಲ ‘ಡಿಸ್ಕು ಡೂಪ್ಲಿಕೇಟು, ಒರಿಜಿನಲ್ ಹಾಕ್ಸಿ’ ಎಂಬ ಸಲಹೆ ಬಂತು. ಆ ವರ್ಷ ಶೇಂಗಾ ಗಿಡದಲ್ಲಿ ಕಾಯಿಯೇ ಕಟ್ಟಿರಲಿಲ್ಲ, ಒರಿಜಿನಲ್ ಎಲ್ಲಿಂದ ತರಲಿ? ಹೀಗಾಗಿ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಶಾಫ್ಟು ಕಡೆದು ಕೊಡುವ ಹಿರಿಯ ಲೇತ್ ಕೆಲಸಗಾರರೊಬ್ಬರ ಹತ್ತಿರ ಹೋದೆ. ಕೆಳಗೆ ಬರೆಯುವುದರಲ್ಲಿ ಹೆಚ್ಚಿನದು ಅವರು ಕಲಿಸಿದ್ದು. ಉಳಿದದ್ದು ನನ್ನ ಕಾರು ಮತ್ತು ಊರಿನ ಬೇರೆ ನಾಲ್ಕು ಗಾಡಿ ಬಿಚ್ಚಿ ನೋಡಿ ತಿಳಿದದ್ದು.

ನಡುಕ ಯಾವಾಗ ಬರುತ್ತೆ ಎಂಬುದನ್ನು ಮೊದಲು ಗಮನಿಸಿ. ಬ್ರೇಕ್ ಮುಟ್ಟದೆಯೂ ಒಂದು ಸ್ಪೀಡಿನಲ್ಲಿ ನಡುಗಿದರೆ ಅದು ಬ್ರೇಕಿನ ದೋಷ ಅಲ್ಲ, ಚಕ್ರದ್ದು. ನಮ್ಮಂಥವರ ಗಾಡಿಗೆ ಇದರ ದೊಡ್ಡ ಕಾರಣ ಎರೆಮಣ್ಣು. ಮಳೆಯಲ್ಲಿ ಹೊಲದ ದಾರಿಗೆ ಹೋಗಿ ಬಂದರೆ ರಿಮ್ಮಿನ ಒಳಬದಿಗೆ ಮಣ್ಣು ಮೆತ್ತಿ ಒಣಗಿ ಇಟ್ಟಿಗೆಯ ಹಾಗೆ ಕೂರುತ್ತೆ. ಒಂದು ಕಡೆ ಕಾಲು ಕೆಜಿ ಮಣ್ಣು ಹೆಚ್ಚಿದ್ದರೂ ಚಕ್ರ ತೂಕ ತಪ್ಪಿ ಕುಣಿಯುತ್ತೆ. ಕೋಲಿನಲ್ಲಿ ಕೆರೆದು ನೀರು ಹೊಡೆಯಿರಿ. ಅದಕ್ಕೆ ಕಾಸು ಬೇಡ. ಹೋಗದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ, ಟೈರು ಒಂದು ಕಡೆ ಉಬ್ಬಿದೆಯೇ ನೋಡಿ.

ಇನ್ನೂ ಒಂದು ಮಾತು ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು. ನಡುಕ ಹೊಸದಾಗಿ, ಇದ್ದಕ್ಕಿದ್ದ ಹಾಗೆ ಬಂತು ಅಂದ್ರೆ, ಅದರಲ್ಲೂ ಪಂಕ್ಚರ್ ಹಾಕಿಸಿದ ಮೇಲೆ ಬಂತು ಅಂದ್ರೆ, ಅಲ್ಲೇ ನಿಲ್ಲಿಸಿ ಚಕ್ರದ ನಟ್ಟುಗಳನ್ನು ನೋಡಿ. ಸಡಿಲ ಇದ್ದರೆ ಮುಂದಿನ ಮಾತೆಲ್ಲ ಆಮೇಲೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಮುಂದಿನ ಚಕ್ರದ್ದೋ ಹಿಂದಿನದ್ದೋ ಗೊತ್ತು ಮಾಡಿಕೊಳ್ಳಬೇಕು. ಸ್ಟೇರಿಂಗು ಕೈಯಲ್ಲಿ ಎಡಕ್ಕೂ ಬಲಕ್ಕೂ ಹೊಡಕೊಂಡರೆ ಬಹುತೇಕ ಮುಂದಿನ ಡಿಸ್ಕು. ಸ್ಟೇರಿಂಗು ಸುಮ್ಮನಿದ್ದು ಸೀಟು, ಪೆಡಲು ಅದುರಿದರೆ ಹಿಂದಿನ ಡ್ರಮ್ಮಿನ ಮೇಲೆ ಅನುಮಾನ ಪಡಿ. ಇದನ್ನು ಖಾತ್ರಿ ಮಾಡುವುದಕ್ಕೆ ಒಂದು ಪರೀಕ್ಷೆ ಉಂಟು. ಹ್ಯಾಂಡ್‌ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ ಹಿಡಿಯುತ್ತೆ. ಯಾರೂ ಇಲ್ಲದ, ಒಣಗಿದ, ನೇರ ರಸ್ತೆಯಲ್ಲಿ ಮೂವತ್ತರ ಸ್ಪೀಡಿನಲ್ಲಿ ಹೋಗುತ್ತಾ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಸನ್ನೆಯನ್ನು ಮೆಲ್ಲಗೆ ಎಳೆಯಿರಿ. ಗುಂಡಿ ಬಿಟ್ಟರೆ ಅದು ಕಚ್ಚಿಕೊಂಡು ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಟ್ಟೀತು, ಜೋಪಾನ. ಹೀಗೆ ಎಳೆದಾಗ ಅದುರಿದರೆ ಡ್ರಮ್ಮು. ಅದುರದಿದ್ದರೆ ಮುಂದಿನ ಡಿಸ್ಕು. ನನ್ನ ಗಾಡಿ ಅದುರಲಿಲ್ಲ.

ನಡುಕದ ತಾಳವನ್ನೂ ಕಿವಿಗೊಟ್ಟು ಕೇಳಬೇಕು. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಸಾಗುತ್ತೆ. ಅರವತ್ತರ ಸ್ಪೀಡಲ್ಲಿ ಅದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತೆ. ಅದಕ್ಕೇ ಅದು ಝರ್ರ್ ಅಂತ ಕೇಳೋದು. ಗಾಡಿ ನಿಲ್ಲುತ್ತಾ ಬಂದಂತೆ ಆ ಝರ್ರ್ ಎನ್ನುವುದು ದಡ್, ದಡ್, ದಡ್ ಆಗಿ ಚಕ್ರದ ಜೊತೆಯೇ ನಿಧಾನವಾದರೆ ಡಿಸ್ಕಿನದೇ ದೋಷ ಅಂತ ತಿಳಿಯಬಹುದು. ಹೊಸ ಗಾಡಿ ಇದ್ದವರು ಒಂದು ವಿಷಯ ಬೇರೆ ಮಾಡಿಕೊಳ್ಳಬೇಕು. ಎಬಿಎಸ್ ಇರುವ ಕಾರಿನಲ್ಲಿ ಜಲ್ಲಿ ರಸ್ತೆಯಲ್ಲೋ ಒದ್ದೆಯಲ್ಲೋ ಜೋರಾಗಿ ಬ್ರೇಕ್ ಹಾಕಿದರೆ ಪೆಡಲು ಟಕಟಕ ಅಂತ ಕಾಲನ್ನು ಹಿಂದಕ್ಕೆ ನೂಕುತ್ತೆ. ಅದು ರೋಗ ಅಲ್ಲ, ಚಕ್ರ ಜಾರದ ಹಾಗೆ ಅದು ಮಾಡುವ ಕೆಲಸ. ಕಾಲು ತೆಗೆಯಬಾರದು.

ಈಗ ‘ಡಿಸ್ಕ್ ಬೆಂಡು’ ಎಂಬ ಮಾತಿಗೆ ಬರೋಣ. ಎಲ್ಲರೂ ಹೇಳುವ ಮಾತು ಇದೇ. ಆದರೆ ಎರಕದ ಕಬ್ಬಿಣದ ಡಿಸ್ಕು ತಗಡಿನ ಹಾಗೆ ಸುಲಭಕ್ಕೆ ಸೊಟ್ಟಗಾಗೋದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಆಗಿರುವುದು ಬೇರೆ: ಡಿಸ್ಕು ಒಂದು ಕಡೆ ತೆಳು, ಒಂದು ಕಡೆ ದಪ್ಪ ಆಗಿರುತ್ತೆ. ಎರಡು ಪ್ಯಾಡುಗಳ ನಡುವೆ ದಪ್ಪ ಭಾಗ ಬಂದಾಗ ಹಿಡಿತ ಹೆಚ್ಚುತ್ತೆ, ತೆಳು ಭಾಗ ಬಂದಾಗ ಕಮ್ಮಿಯಾಗುತ್ತೆ. ದಪ್ಪ ಭಾಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವುದರಿಂದ ಎಣ್ಣೆಯ ಮೂಲಕ ಆ ಪೆಟ್ಟು ನಮ್ಮ ಕಾಲಿಗೂ ಬರುತ್ತೆ. ಎಷ್ಟು ವ್ಯತ್ಯಾಸ ಇದ್ದರೆ ಗೊತ್ತಾಗುತ್ತೆ? ದಿನಪತ್ರಿಕೆಯ ಒಂದು ಹಾಳೆಯ ದಪ್ಪ ಸುಮಾರು 0.07 ಮಿ.ಮೀ. ಅದರ ಮೂರನೇ ಒಂದು ಪಾಲು, ಅಂದರೆ 0.02 ಮಿ.ಮೀ. ಏರಿಳಿತ ಇದ್ದರೇ ಕೆಲವು ಗಾಡಿ ನಡುಗುವುದಕ್ಕೆ ಸಾಕು. ಕಣ್ಣಿಗೆ ಕಾಣುವ ಮಾತೇ ಇಲ್ಲ. ‘ನೋಡಿದ್ರೆ ಗೊತ್ತಾಗುತ್ತೆ, ಬೆಂಡ್ ಐತೆ’ ಅನ್ನುವವರನ್ನು ನಾನು ಈಗ ನಂಬಲ್ಲ.

ಈ ಏರಿಳಿತ ಎರಡು ದಾರಿಯಲ್ಲಿ ಬರುತ್ತೆ. ಒಂದು ನಾನು ಘಾಟಿಯಲ್ಲಿ ಮಾಡಿಕೊಂಡದ್ದು. ಪಿಯುಸಿ ವಿಜ್ಞಾನ ಓದುವ ನನ್ನ ತಮ್ಮನ ಮಗಳು ಒಂದು ಲೆಕ್ಕ ಹಾಕಿಕೊಟ್ಟಳು. ಜನ, ಸಾಮಾನು ಸೇರಿ 1300 ಕೆಜಿ ಇರುವ ಗಾಡಿ ನೂರು ಮೀಟರ್ ಎತ್ತರ ಇಳಿಯುವಾಗ ಅದನ್ನು ಬರೀ ಬ್ರೇಕಿನಲ್ಲೇ ಹಿಡಿದರೆ ಹುಟ್ಟುವ ಕಾವು ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು. ಘಾಟಿಯಲ್ಲಿ ಇಳಿಯುವುದು ನೂರು ಮೀಟರ್ ಅಲ್ಲ, ಅದರ ಹಲವು ಪಟ್ಟು. ಅಷ್ಟೂ ಕಾವು ಅಂಗೈ ಅಗಲದ ಪ್ಯಾಡು ಮತ್ತು ಡಿಸ್ಕಿಗೆ ಹೋಗುತ್ತೆ. ಆ ಕಾದ ಡಿಸ್ಕಿನ ಮೇಲೆ ನಿಂತಲ್ಲೇ ಬ್ರೇಕ್ ಒತ್ತಿ ಹಿಡಿದರೆ ಪ್ಯಾಡಿನ ಮಸಾಲೆ ಆ ಜಾಗಕ್ಕೆ ಅಂಟಿಕೊಳ್ಳುತ್ತೆ, ಕಾದ ಹೆಂಚಿಗೆ ರೊಟ್ಟಿ ಅಂಟುವ ಹಾಗೆ. ಆಮೇಲೆ ಆ ಜಾಗದಲ್ಲಿ ಹಿಡಿತ ಬೇರೆ. ಇಳಿಜಾರಿನಲ್ಲಿ ಎರಡನೇ ಗೇರೋ ಮೂರನೇ ಗೇರೋ ಹಾಕಿ ಇಂಜಿನ್ನೇ ಗಾಡಿಯನ್ನು ಹಿಡಿಯುವ ಹಾಗೆ ಇಳಿಸಬೇಕಿತ್ತು. ಬ್ರೇಕನ್ನು ಆಗಾಗ ಒತ್ತಿ ಬಿಡಬೇಕಿತ್ತು. ವಾಸನೆ ಬಂದ ಮೇಲೂ ನಿಂತು ಒತ್ತಿ ಹಿಡಿಯದೆ, ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಕಾಲು ತೆಗೆಯಬೇಕಿತ್ತು.

ಎರಡನೇ ದಾರಿ ಹೆಚ್ಚು ಮೋಸದ್ದು. ಹೊಸ ಡಿಸ್ಕ್ ಹಾಕಿಸಿದ ನನ್ನನ್ನು ಕೆಡಿಸಿದ್ದು ಅದೇ. ಲೇತಿನವರು ಡಿಸ್ಕ್ ಬಿಚ್ಚಿ ಹಬ್ಬಿನ ಮುಖ ತೋರಿಸಿದರು. ಡಿಸ್ಕು ಕೂರುವ ಆ ಜಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ತುಕ್ಕಿನ ಹಕ್ಕಳೆ. ಅದನ್ನು ಉಜ್ಜದೆ ಹೊಸ ಡಿಸ್ಕನ್ನು ಮೇಲೆ ಕೂರಿಸಿ ನಟ್ಟು ಬಿಗಿದಿದ್ದರು. ‘ಏತ ನೋಡಿದೀರಲ್ಲ’ ಅಂದರು ಅವರು. ಬುಡದಲ್ಲಿ ಗೇಣು ಅಲ್ಲಾಡಿದರೆ ತುದಿಯಲ್ಲಿ ಮಾರು ಅಲ್ಲಾಡುತ್ತೆ. ಹಬ್ಬಿನ ಮುಖದ ಅಗಲ 130 ಮಿ.ಮೀ., ಡಿಸ್ಕಿನ ಅಗಲ 230 ಮಿ.ಮೀ. ಅಂತ ಇಟ್ಟುಕೊಂಡರೆ ಹಬ್ಬಿನ ಒಂದು ಅಂಚಿನಲ್ಲಿ 0.05 ಮಿ.ಮೀ. ತುಕ್ಕು ಇದ್ದರೆ ಡಿಸ್ಕಿನ ಅಂಚು 0.09 ಓಲಾಡುತ್ತೆ. ಹೀಗೆ ಓಲಾಡುವ ಡಿಸ್ಕು ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೆ ಒಂದು ಸಲ ಪ್ಯಾಡಿಗೆ ತಾಗಿಕೊಂಡು ಹೋಗುತ್ತೆ. ತಾಗುವ ಜಾಗ ಸವೆಯುತ್ತೆ, ತಾಗದ ಜಾಗ ಉಳಿಯುತ್ತೆ. ಕೂಡಲೇ ಏನೂ ಗೊತ್ತಾಗಲ್ಲ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ತೆಳು ದಪ್ಪ ಎದ್ದು ನಡುಕ ಬರುತ್ತೆ. ಅಷ್ಟೊತ್ತಿಗೆ ನಾವು ಡಿಸ್ಕ್ ಮಾರಿದವನನ್ನು ಬೈಯುತ್ತೇವೆ, ಇನ್ನೊಂದು ಜೊತೆ ಹಾಕಿಸುತ್ತೇವೆ, ತುಕ್ಕು ಅಲ್ಲೇ ಇರುತ್ತೆ.

ಪಂಕ್ಚರ್ ಅಂಗಡಿಯ ಗಾಳಿ ಗನ್ನಿನದೂ ಇದರಲ್ಲಿ ಪಾಲಿದೆ. ಒಂದು ನಟ್ಟನ್ನು ಟರ್ರ್ ಅಂತ ಕೊನೆಯವರೆಗೂ ಬಿಗಿದು ಆಮೇಲೆ ಪಕ್ಕದ್ದನ್ನು ಬಿಗಿದರೆ ಡಿಸ್ಕು ಒಂದು ಕಡೆ ಎಳೆದುಕೊಂಡು ಕೂರುತ್ತೆ. ಒಂದು ನಟ್ಟು ವಿಪರೀತ ಬಿಗಿ, ಇನ್ನೊಂದು ಸಾಧಾರಣ. ಎತ್ತಿನ ಗಾಡಿಗೆ ಅಚ್ಚು ಕೂರಿಸುವಾಗ ಬಡಗಿ ಹೀಗೆ ಮಾಡಿದ್ದರೆ ನಮ್ಮ ಅಪ್ಪ ಗಾಡಿಯನ್ನು ಅಲ್ಲೇ ಬಿಟ್ಟು ಬರುತ್ತಿದ್ದ.

ಇನ್ನು ನೀವೇ ನೋಡುವ ಕ್ರಮ. ಗಾಡಿಯನ್ನು ಗಟ್ಟಿ, ಸಮ ನೆಲದಲ್ಲಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಎರೆ ನೆಲದಲ್ಲಿ ಜಾಕಿನ ಕೆಳಗೆ ಹಲಗೆ ಇಲ್ಲದಿದ್ದರೆ ಜಾಕು ಹೂತು ವಾಲುತ್ತೆ. ಜಾಕನ್ನು ಮಾತ್ರ ನಂಬಿ ಕೆಳಗೆ ಕೈ ಹಾಕಬೇಡಿ, ಗಟ್ಟಿ ಮರದ ದಿಮ್ಮಿಯೋ ಸ್ಟಾಂಡೋ ಕೊಡಿ. ಚಕ್ರ ಬಿಚ್ಚುವ ಮೊದಲು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗೋ ಬಾಲ್ ಜಾಯಿಂಟೋ ಹೋಗಿದೆ, ಅದನ್ನು ಸರಿ ಮಾಡದೆ ಡಿಸ್ಕ್ ಅಳೆದು ಉಪಯೋಗ ಇಲ್ಲ. ನ್ಯೂಟ್ರಲ್‌ನಲ್ಲಿ ಚಕ್ರ ಕೈಯಲ್ಲಿ ತಿರುಗಿಸಿ. ಹಗುರವಾಗಿ ಉಜ್ಜುವುದು ಸರಿ. ಎರಡು ಕೈ ಬಲ ಹಾಕಿದರೂ ತಿರುಗದಿದ್ದರೆ ಕ್ಯಾಲಿಪರ್ ಕಚ್ಚಿಕೊಂಡಿದೆ. ಇದನ್ನು ತಿಳಿಯಲು ಇನ್ನೊಂದು ದಾರಿಯೂ ಇದೆ. ಹತ್ತು ಕಿಲೋಮೀಟರ್ ಆದಷ್ಟೂ ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ. ಒಂದು ಕಡೆ ಕಾವು ಹೊಡೆದರೆ ಅಲ್ಲೇ ಕಚ್ಚಿರೋದು.

ಚಕ್ರ ತೆಗೆದ ಮೇಲೆ ಕ್ಯಾಲಿಪರ್ ಬಿಚ್ಚಿ, ಅದನ್ನು ರಬ್ಬರ್ ಪೈಪಿನ ಮೇಲೆ ನೇತುಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಕ್ಯಾಲಿಪರ್ ಜಾರುವ ಎರಡು ಪಿನ್ನು ಇರುತ್ತವೆ. ಕೈಯಲ್ಲಿ ಎಳೆದರೆ ಸಲೀಸಾಗಿ ಬರಬೇಕು. ನಮ್ಮ ಧೂಳಿಗೆ ಅದರ ರಬ್ಬರ್ ಹರಿದಿದ್ದರೆ ಪಿನ್ನು ಕಚ್ಚಿರುತ್ತೆ. ಒರೆಸಿ ಬ್ರೇಕಿಗೇ ಬರುವ ಗ್ರೀಸು ಹಚ್ಚಬೇಕು. ಟ್ರ್ಯಾಕ್ಟರಿಗೆ ಹಾಕುವ ಗ್ರೀಸು, ಡೀಸೆಲ್ಲು, ಸೀಮೆಎಣ್ಣೆ ತಾಗಿಸಿದರೆ ಬ್ರೇಕಿನ ರಬ್ಬರು ಊದಿಕೊಳ್ಳುತ್ತೆ. ಬೂದಿಯಂಥ ಪುಡಿಯನ್ನು ಬಾಯಿಂದಾಗಲಿ ಗಾಳಿ ಪೈಪಿನಿಂದಾಗಲಿ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಅಳೆಯುವುದಕ್ಕೆ ಲೇತ್ ಅಂಗಡಿಯಲ್ಲಿ ಮೈಕ್ರೋಮೀಟರ್, ಡಯಲ್ ಗೇಜ್ ಎರಡೂ ಇರುತ್ತವೆ. ಚಕ್ರ ತೆಗೆದಾಗ ಡಿಸ್ಕು ಸಡಿಲ ಇರುತ್ತೆ. ಅಳೆಯುವ ಮೊದಲು ವಾಷರ್ ಕೊಟ್ಟು ಚಕ್ರದ ನಟ್ಟುಗಳಿಂದಲೇ ಅದನ್ನು ಬಿಗಿಯಬೇಕು, ಇಲ್ಲದಿದ್ದರೆ ಅಳತೆ ಸುಳ್ಳು. ಡಿಸ್ಕಿನ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸುತ್ತಲೂ ಎಂಟು ಕಡೆ ಸೀಮೆಸುಣ್ಣದ ಗುರುತು ಹಾಕಿ ಎಂಟು ಕಡೆಯೂ ದಪ್ಪ ಅಳೆದರು. ನನ್ನ ಎಡಗಡೆ ಡಿಸ್ಕಿನಲ್ಲಿ ಹೆಚ್ಚಿನದು 16.93, ಕಡಿಮೆಯದು 16.89. ವ್ಯತ್ಯಾಸ 0.04. ಓಲಾಟ ಡಯಲ್ ಗೇಜಿನಲ್ಲಿ 0.16 ತೋರಿಸಿತು. ಸಾಮಾನ್ಯವಾಗಿ 0.05ರಿಂದ 0.10ರ ಒಳಗೆ ಇರಬೇಕಂತೆ, ಗಾಡಿ ಗಾಡಿಗೆ ಬೇರೆ. ಬಲಗಡೆಯದು ಚೆನ್ನಾಗಿಯೇ ಇತ್ತು.

ಡಯಲ್ ಗೇಜ್ ಇಲ್ಲದವರಿಗೆ ನಾನು ಮಾಡಿಕೊಂಡ ಒಂದು ಉಪಾಯ ಹೇಳುತ್ತೇನೆ. ಒಂದು ಪಟ್ಟಿ ಕಬ್ಬಿಣವನ್ನು ಬಗ್ಗಿಸಿ ಕ್ಯಾಲಿಪರ್ ಬಿಚ್ಚಿದ ಜಾಗದ ತೂತಿಗೇ ಬಿಗಿದೆ. ಅದರ ತುದಿಗೆ ಒಂದು ಬೋಲ್ಟು, ಮೂತಿ ಡಿಸ್ಕಿನ ಕಡೆಗೆ. ಪಂಪ್‌ಸೆಟ್ ಡೀಸೆಲ್ ಇಂಜಿನ್ನಿನ ಟ್ಯಾಪೆಟ್ ಬಿಡಲು ಇಟ್ಟುಕೊಂಡಿದ್ದ ಫೀಲರ್ ಗೇಜ್ ನಮ್ಮಲ್ಲಿ ಇತ್ತು. ಡಿಸ್ಕನ್ನು ಮೆಲ್ಲಗೆ ತಿರುಗಿಸುತ್ತಾ ಬೋಲ್ಟಿಗೆ ತೀರಾ ಹತ್ತಿರ ಬರುವ ಜಾಗ ಹುಡುಕಿ, ಅಲ್ಲಿ 0.05ರ ಎಲೆ ಬಿಗಿಯಾಗಿ ಜಾರುವ ಹಾಗೆ ಬೋಲ್ಟನ್ನು ಹೊಂದಿಸಿದೆ. ಆಮೇಲೆ ಒಂದು ಸುತ್ತು ತಿರುಗಿಸಿ ತೀರಾ ದೂರ ಇರುವ ಕಡೆ ಯಾವ ಎಲೆ ಹಿಡಿಯುತ್ತೆ ನೋಡಿದೆ. 0.20 ಹಿಡಿಯಿತು. ಇಪ್ಪತ್ತರಲ್ಲಿ ಐದು ಕಳೆದರೆ 0.15. ಲೇತಿನವರ ಗೇಜು ಹೇಳಿದ್ದು 0.16. ಇಷ್ಟು ಸಾಕು ನಮಗೆ. ಇದರಿಂದ ಓಲಾಟ ಸಿಗುತ್ತೆ, ದಪ್ಪ ಸಿಗುವುದಿಲ್ಲ. ದಪ್ಪಕ್ಕೆ ಮೈಕ್ರೋಮೀಟರೇ ಬೇಕು.

ಮದ್ದು ಇದು. ಹಬ್ಬಿನ ಮುಖವನ್ನು ತಂತಿ ಬ್ರಶ್ಶು, ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಬೇಕು. ಬೋಲ್ಟುಗಳ ಬುಡದ ಸುತ್ತ ಹೆಚ್ಚು ತುಕ್ಕು ಕೂತಿರುತ್ತೆ, ಅಲ್ಲಿ ಸೋಮಾರಿತನ ಮಾಡಬಾರದು. ಡಿಸ್ಕಿನ ಒಳಮುಖವನ್ನೂ, ರಿಮ್ಮು ಕೂರುವ ಮುಖವನ್ನೂ ಉಜ್ಜಿ. ಬರೀ ಇಷ್ಟಕ್ಕೇ ನನ್ನ ಓಲಾಟ 0.16ರಿಂದ 0.07ಕ್ಕೆ ಇಳಿಯಿತು. ಆಮೇಲೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿದರೆ 0.04 ಬಂತು. ಹಬ್ಬಿನ ಅಲ್ಪ ಸೊಟ್ಟ, ಡಿಸ್ಕಿನ ಅಲ್ಪ ಸೊಟ್ಟ ಒಂದಕ್ಕೊಂದು ವಜಾ ಆಗುವ ಜಾಗ ಒಂದಿರುತ್ತೆ. ನಾಲ್ಕೂ ಜಾಗ ನೋಡಿ ಕಡಿಮೆ ಬಂದಲ್ಲಿ ಬಿಡಬೇಕು, ಗುರುತು ಹಾಕಿಕೊಳ್ಳಬೇಕು.

ಆದರೆ ಓಲಾಟ ಹೋದರೂ ಆಗಲೇ ಬಿದ್ದಿರುವ ತೆಳು ದಪ್ಪ ಹೋಗುವುದಿಲ್ಲವಲ್ಲ, ಅದನ್ನು ಲೇತಿನಲ್ಲಿ ಕಡೆಯಬೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಇಷ್ಟು ಅಂತ ಒತ್ತಿರುತ್ತಾರೆ. ನನ್ನದು ಹೊಸದರಲ್ಲಿ 17, ಕನಿಷ್ಠ 15. ಎರಡೂ ಮುಖ ಸೇರಿ ಕಡೆದದ್ದು 0.2 ಮಿ.ಮೀ.ಯಷ್ಟು, ಹಾಗಾಗಿ ಬೇಕಾದಷ್ಟು ಉಳಿಯಿತು. ಕನಿಷ್ಠದ ಹತ್ತಿರ ಬಂದ ಡಿಸ್ಕನ್ನು ದುಡ್ಡು ಉಳಿಸೋಣ ಅಂತ ಕಡೆಸಬೇಡಿ. ತೆಳು ಡಿಸ್ಕು ಬೇಗ ಕಾಯುತ್ತೆ, ಬಿರಿಯಬಹುದು. ಮುಖದಲ್ಲಿ ಅಂಚಿನವರೆಗೆ ಹೋಗುವ ಬಿರುಕು ಕಂಡರೆ ಗುಜರಿಗೆ ಹಾಕಿ. ಕಡೆಯುವುದಾಗಲಿ ಬದಲಿಸುವುದಾಗಲಿ ಎಡ ಬಲ ಎರಡನ್ನೂ ಒಟ್ಟಿಗೆ ಮಾಡಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುವ ಸಂಭವ ಉಂಟು. ಹಾಗಾಗಿ ಚೆನ್ನಾಗಿದ್ದ ಬಲಗಡೆಯದನ್ನೂ ಕಡೆಸಿದೆ. ಎರಡಕ್ಕೂ ಸೇರಿ ಆರುನೂರು ರೂಪಾಯಿ ತಗೊಂಡರು. ಹೊಸ ಡಿಸ್ಕ್ ಹಾಕುವವರು ಅದಕ್ಕೆ ತುಕ್ಕು ಹಿಡಿಯದಿರಲು ಹಚ್ಚಿರುವ ಎಣ್ಣೆಯನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಹಾಕಿ.

ಪ್ಯಾಡು ಕೂರಿಸುವ ಮೊದಲು ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕಾಗುತ್ತೆ. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರಿ ಉಕ್ಕಬಹುದು. ಬಣ್ಣದ ಮೇಲೆ ಬಿದ್ದರೆ ಬಣ್ಣ ಕೀಳುತ್ತೆ, ಕೂಡಲೇ ನೀರಲ್ಲಿ ತೊಳೆಯಿರಿ.

ಈಗ ಮೊದಲಿಗೆ ಹೇಳಿದ ಆ ಸಂಗತಿ. ಎಲ್ಲ ಜೋಡಿಸಿ ಮುಗಿಸಿದ ಸಂಜೆ, ಗೆದ್ದೆ ಎಂಬ ಖುಷಿಯಲ್ಲಿ ಗಾಡಿ ಸ್ಟಾರ್ಟ್ ಮಾಡಿ ಅಂಗಳದಿಂದ ಹೊರಟೆ. ನಮ್ಮ ಅಂಗಳ ಕುರಿ ಹಟ್ಟಿಯ ಕಡೆಗೆ ಇಳಿಜಾರು. ಹಟ್ಟಿಯ ಬಾಗಿಲಲ್ಲಿ ನಾಲ್ಕು ವರ್ಷದ ಮೊಮ್ಮಗ ಮರಿಗೆ ಸೊಪ್ಪು ಕೊಡುತ್ತಾ ಕೂತಿದ್ದ. ಬ್ರೇಕ್ ಒತ್ತಿದೆ, ಪೆಡಲು ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ. ಇನ್ನೊಂದು ಸಲ ಒತ್ತಿದೆ, ಆಗಲೂ ಇಲ್ಲ. ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು. ಬಂಪರಿಗೂ ಹುಡುಗನಿಗೂ ನಡುವೆ ಎರಡು ಮೊಳ ಉಳಿದಿತ್ತು. ಅವನು ತಲೆ ಎತ್ತಿ ನನ್ನನ್ನು ನೋಡಿ ನಕ್ಕ. ನನಗೆ ಆವತ್ತು ರಾತ್ರಿ ಊಟ ಸೇರಲಿಲ್ಲ. ಮನೆಯಲ್ಲಿ ಬಹಳ ದಿನ ಹೇಳಲೂ ಇಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆದದ್ದು ಇಷ್ಟೆ. ಒಳಕ್ಕೆ ಒತ್ತಿದ ಪಿಸ್ಟನ್ನು ಮತ್ತೆ ಹೊರಗೆ ಬಂದು ಪ್ಯಾಡಿಗೆ ತಾಗಬೇಕಾದರೆ ಪೆಡಲನ್ನು ಹಲವು ಸಲ ಒತ್ತಬೇಕು. ಮೊದಲ ಮೂರು ನಾಲ್ಕು ಒತ್ತಿಗೆ ಬ್ರೇಕೇ ಇರುವುದಿಲ್ಲ. ಪ್ಯಾಡು ಮುಟ್ಟಿದ ಮೇಲೆ ಗಾಡಿ ಒಂದು ಅಡಿಯೂ ಅಲ್ಲಾಡುವ ಮೊದಲು, ನಿಂತಲ್ಲೇ, ಚಕ್ರಕ್ಕೆ ಕಲ್ಲು ಇರುವಾಗಲೇ ಪೆಡಲು ಗಟ್ಟಿಯಾಗುವ ತನಕ ಒತ್ತಿ. ಡಬ್ಬಿಯ ಎಣ್ಣೆ ಮಟ್ಟ ನೋಡಿ. ಎಷ್ಟು ಒತ್ತಿದರೂ ಗಟ್ಟಿಯಾಗದೆ ಸ್ಪಂಜಿನ ಹಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ, ಗಾಡಿ ತೆಗೆಯಬೇಡಿ, ತಿಳಿದವರನ್ನು ಮನೆಗೇ ಕರೆಸಿ. ಅಂದಹಾಗೆ ಆ ಎಣ್ಣೆ ಗಾಳಿಯ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನೀರು ಸೇರಿದ ಎಣ್ಣೆ ಘಾಟಿಯ ಕಾವಿಗೆ ಕುದಿದು ಪೆಡಲು ಇದೇ ಥರ ನೆಲ ಮುಟ್ಟುತ್ತೆ.

ನಟ್ಟು ಬಿಗಿಯುವುದು ಕೈಯಲ್ಲೇ ಆಗಬೇಕು. ಬೋಲ್ಟಿಗೆ ಎಣ್ಣೆ ಗ್ರೀಸು ಹಚ್ಚಬೇಡಿ. ಎಲ್ಲವನ್ನೂ ಮೊದಲು ಬೆರಳಲ್ಲಿ ತಿರುಗಿಸಿ ಕೂರಿಸಿ, ಒಂದು ಬಿಗಿದ ಮೇಲೆ ಎದುರಿನದು, ಹೀಗೆ ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಿ. ಎಷ್ಟು ಬಿಗಿ ಎಂಬುದು ಗಾಡಿಯ ಪುಸ್ತಕದಲ್ಲಿ ಇರುತ್ತೆ. ಸಣ್ಣ ಕಾರಿಗೆ ಸಾಧಾರಣ 80ರಿಂದ 110 ನ್ಯೂಟನ್ ಮೀಟರ್. ಅದಕ್ಕೆ ಟಾರ್ಕ್ ಸ್ಪ್ಯಾನರ್ ಬೇಕು, ಇಲ್ಲದವರು ಶೇಂಗಾ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿ ತನ್ನಿ. ನಟ್ಟಿನ ನಡುವಿನಿಂದ ಸರಿಯಾಗಿ ಅರ್ಧ ಮೀಟರ್ ದೂರದಲ್ಲಿ ಸ್ಪ್ಯಾನರಿನ ಹಿಡಿಗೆ ತಕ್ಕಡಿಯ ಕೊಕ್ಕೆ ಹಾಕಿ, ಹಿಡಿಗೆ ಕಾಟಕೋನವಾಗಿ 18 ಕೆಜಿ ತೋರಿಸುವವರೆಗೆ ಎಳೆದರೆ 9 ಕೆಜಿ ಮೀಟರ್, ಅಂದರೆ 88 ನ್ಯೂಟನ್ ಮೀಟರ್ ಆಯಿತು. ಪಂಕ್ಚರ್ ಅಂಗಡಿಯಲ್ಲಿ ಈಗ ನಾನು ಗನ್ನು ಬೇಡ ಅಂತ ಹೇಳಿ ನನ್ನ ಸ್ಪ್ಯಾನರೇ ಕೊಡುತ್ತೇನೆ. ಹುಡುಗರು ನಗುತ್ತಾರೆ. ನಗಲಿ.

ಕಡೆದ ಅಥವಾ ಹೊಸ ಡಿಸ್ಕನ್ನು ಪಳಗಿಸಬೇಕು, ಹೊಸ ಎತ್ತಿಗೆ ನೊಗ ಅಭ್ಯಾಸ ಮಾಡಿಸಿದ ಹಾಗೆ. ಖಾಲಿ ರಸ್ತೆಯಲ್ಲಿ ಐವತ್ತರಿಂದ ಹತ್ತಕ್ಕೆ ಬರುವ ತನಕ ಮಧ್ಯಮ ಬಲದಲ್ಲಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸದೆ ಮತ್ತೆ ಸ್ಪೀಡ್ ಎತ್ತಿ. ಹೀಗೆ ಎಂಟು ಹತ್ತು ಸಲ. ಆಮೇಲೆ ಹತ್ತು ನಿಮಿಷ ಬ್ರೇಕ್ ಆದಷ್ಟೂ ಮುಟ್ಟದೆ ಓಡಿಸಿ ತಣಿಸಿ. ಘಾಟಿಯಲ್ಲಿ ಅಂಟಿದ ಮಸಾಲೆ ತೆಳುವಾಗಿದ್ದರೆ ಕೆಲವೊಮ್ಮೆ ಈ ಪಳಗಿಸುವುದರಲ್ಲೇ ಉಜ್ಜಿ ಹೋಗುತ್ತಂತೆ. ಮೊದಲ ಸಲವೇ ಇದು ಗೊತ್ತಿದ್ದರೆ ಆ ಐದು ಸಾವಿರ ಉಳಿಯುತ್ತಿತ್ತೋ ಏನೋ.

ಹಿಂದಿನ ಡ್ರಮ್ಮಿನ ಬಗ್ಗೆ ಎರಡು ಮಾತು. ಡ್ರಮ್ಮು ಕಾದಿರುವಾಗ ಹ್ಯಾಂಡ್‌ಬ್ರೇಕು ಬಿಗಿಯಾಗಿ ಎಳೆದು ನಿಲ್ಲಿಸಿದರೆ ಅದು ಅಂಡಾಕಾರ ಆಗುವ ಸಂಭವ ಉಂಟು. ನಮ್ಮೂರಿನ ಒಂದು ವ್ಯಾನಿನಲ್ಲಿ ಕಂಡೆವು. ಅದಕ್ಕೂ ಲೇತಿನಲ್ಲಿ ಕಡೆಯುವುದೇ ದಾರಿ. ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸ ಒತ್ತಿರುತ್ತೆ, ಅದನ್ನು ದಾಟಬಾರದು. ಇದರಲ್ಲೂ ಹಬ್ಬಿನ ಮುಖದ ತುಕ್ಕು ಉಜ್ಜಲೇಬೇಕು.

ನಡುಕ ಇದ್ದರೂ ನಿಧಾನವಾಗಿ ಗ್ಯಾರೇಜಿನ ತನಕ ಹೋಗಬಹುದು. ಆದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಕೇಳಿದರೆ, ಪೆಡಲು ಕೆಳಗೆ ಇಳಿಯುತ್ತಾ ಹೋದರೆ ಅಲ್ಲಿಂದ ಒಂದು ಮಾರೂ ಓಡಿಸಬೇಡಿ.

ಕಡೆಸಿದ ಆ ಡಿಸ್ಕುಗಳೇ ಈಗಲೂ ಓಡುತ್ತಿವೆ. ಹೋದ ತಿಂಗಳು ಟೈರು ಅದಲು ಬದಲು ಮಾಡುವಾಗ ಪಟ್ಟಿ ಕಬ್ಬಿಣ ಕಟ್ಟಿ ಮತ್ತೆ ನೋಡಿದೆ. 0.05ಕ್ಕೆ ಹೊಂದಿಸಿದ ಬೋಲ್ಟಿನಲ್ಲಿ 0.10ರ ಎಲೆ ಎಲ್ಲಿಯೂ ಹೋಗಲಿಲ್ಲ. ಮೊದಲ ಸಲ ಬಿಚ್ಚಿ ಎಸೆದ ಹಳೇ ಜೊತೆಯನ್ನೂ ಲೇತಿನವರ ಹತ್ತಿರ ಅಳೆಸಿದೆ, 15.8 ಇತ್ತು. ಕಡೆಸಿದ್ದರೆ ಅವೂ ಇನ್ನೊಂದಷ್ಟು ದಿನ ಬರುತ್ತಿದ್ದವು. ಈಗ ಮೇವಿನ ಬಣವೆಗೆ ಹೊದಿಸಿದ ಟಾರ್ಪಾಲು ಗಾಳಿಗೆ ಹಾರದ ಹಾಗೆ ಎರಡು ಮೂಲೆಗೆ ಕಟ್ಟಿದ್ದೇನೆ.